ಶಾಂತವ್ವ ನೆಟ್ಟಗೆ ಈಜಿದ್ದು

ಬಸವೇಶ್ವರನಗರದಲ್ಲಿ ಬಾಡಿಗೆ ಮನೆ ಹುಡುಕುವವರು ನೀರು ನೋಡುತ್ತಾರೆ, ಗಾಳಿ ಬೆಳಕು ನೋಡುತ್ತಾರೆ. ಓನರ್ ಮನೆಯವರು ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತಾರೆ ಅಂತ ಯಾರೂ ವಿಚಾರಿಸುವುದಿಲ್ಲ. ನಾನೂ ವಿಚಾರಿಸಲಿಲ್ಲ, ಅದಕ್ಕೇ ಅನುಭವಿಸುತ್ತಿದ್ದೇನೆ. ನಾವಿರುವುದು ಮೇಲಿನ ಪೋರ್ಷನ್ನಿನಲ್ಲಿ. ಇನ್ನೂ ಹಾಲಿನವನೇ ಬಂದಿರುವುದಿಲ್ಲ, ಕೆಳಗಡೆ ಗೇಟು ಕಿರ್ ಅನ್ನುತ್ತದೆ. ಮೊದಲು ಓನರ್ ಮಗಳು ಅನಘಾ ಶೂ ಕಟ್ಟಿಕೊಂಡು ಓಡಲು ಹೊರಡುತ್ತಾಳೆ. ವಾರವೆಲ್ಲ ಬ್ಯಾಂಕಿನಲ್ಲಿ ಕೂತು ಕೆಲಸ ಮಾಡುವ ಹುಡುಗಿ, ಭಾನುವಾರ ಬಂತೆಂದರೆ ಎಲ್ಲಾದರೊಂದು ಕಡೆ ಓಟದ ಸ್ಪರ್ಧೆ. ಅವಳ ಪದಕಗಳ ಭಾರಕ್ಕೆ ಟೀವಿ ಪಕ್ಕದ ಮೊಳೆ ಬಾಗಿದೆ.

ಅವಳ ಹಿಂದೆಯೇ ಅಪ್ಪ ಶಂಭುಲಿಂಗಪ್ಪನವರು ಸೈಕಲ್ ಇಳಿಸುತ್ತಾರೆ. ಎಪ್ಪತ್ತರ ಹತ್ತಿರದ ವಯಸ್ಸು. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನವರಿಗೆ ನೂಲು, ಗುಂಡಿ ಮಾರುತ್ತಿದ್ದ ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಈಗ ಆರಾಮಾಗಿದ್ದಾರೆ. ಹಣೆ ತುಂಬ ವಿಭೂತಿ, ಮೊಣಕಾಲಿಗೆ ಎತ್ತಿ ಕಟ್ಟಿದ ಪಂಚೆ, ಹ್ಯಾಂಡಲಿಗೆ ಹಳದಿ ಬಟ್ಟೆ ಸುತ್ತಿದ ಹಳೆಯ ಸೈಕಲ್. ವಾಪಸು ಬಂದವರು ಕಾಂಪೌಂಡಿನಲ್ಲಿ ನಿಂತು ಬೀದಿಗೆಲ್ಲ ಕೇಳುವ ಹಾಗೆ, "ಇವತ್ತ ಕೆಂಗೇರಿ ಮುಟ್ಟಿ ಬಂದೆ ನೋಡ್ರಿ" ಅನ್ನುತ್ತಾರೆ. ಅಷ್ಟು ಹೊತ್ತಿಗೆ ನಾನು ಇನ್ನೊಂದು ಮಗ್ಗುಲಿಗೆ ಹೊರಳಿರುತ್ತೇನೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಓಡಿದ್ದೇನಾದರೂ ಇದ್ದರೆ ಅದು ಬಸ್ಸಿನ ಹಿಂದೆ ಮಾತ್ರ.

ಆ ಮನೆಯಲ್ಲಿ ಕೂತೇ ಇದ್ದವರು ಅವರ ಹೆಂಡತಿ ಶಾಂತವ್ವ ಒಬ್ಬರೇ. ಹಾಗಂತ ಅವರು ಕೂರುವ ಜಾತಿಯವರಲ್ಲ. ನಾವು ಬಂದ ಹೊಸದರಲ್ಲಿ ಇಡೀ ಓಣಿಗೆ ಜೋಳದ ರೊಟ್ಟಿ ತಟ್ಟಿ ಹಂಚುತ್ತಿದ್ದ ಹೆಂಗಸು ಅವರು. ಬೇಸಿಗೆ ಬಂದರೆ ಹಪ್ಪಳ ಸಂಡಿಗೆಯ ಹಾಸು ಹೊತ್ತುಕೊಂಡು ತಾರಸಿಗೆ ಹತ್ತಿ ಇಳಿದು ಮಾಡುತ್ತಿದ್ದರು. ಆಮೇಲೆ ಮೊಣಕಾಲು ಹಿಡಿಯಿತು. ಮೊದಲು ತಾರಸಿ ತಪ್ಪಿತು, ಆಮೇಲೆ ಪಾರ್ಕು ತಪ್ಪಿತು, ಕೊನೆಗೆ ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯೇ ಗತಿಯಾಯಿತು. ಗಂಡ ಸೈಕಲ್ ತುಳಿಯುವುದನ್ನು, ಮಗಳು ಓಡುವುದನ್ನು ಆ ಕುರ್ಚಿಯಿಂದ ನೋಡುತ್ತಿದ್ದರು.

ಹೋದ ಬೇಸಿಗೆ ರಜೆಯಲ್ಲಿ ನಮ್ಮ ಬೀದಿಯ ಕ್ಲಿನಿಕ್ಕಿನ ಡಾಕ್ಟರು ಅವರ ಕಾಲು ಬಗ್ಗಿಸಿ ನೋಡಿದರು. ಜೊತೆಗೆ ನಾನೂ ಇದ್ದೆ.

"ಅಮ್ಮಾ, ಮೆಟ್ಟಿಲು ಹತ್ತಬೇಡಿ, ಜಾಸ್ತಿ ನಡೀಬೇಡಿ. ಹಂಗಂತ ಸುಮ್ನೆ ಕೂತ್ರೆ ಕಾಲು ಪೂರ್ತಿ ಹಿಡ್ಕೊಂಡ್ ಬಿಡತ್ತೆ. ಈಜಿದ್ರೆ ತುಂಬಾ ಒಳ್ಳೇದು" ಅಂದರು ಡಾಕ್ಟರು.

ಶಂಭುಲಿಂಗಪ್ಪನವರು ಗಹಗಹಿಸಿ ನಕ್ಕರು. "ಈ ವಯಸ್ಸಿನ್ಯಾಗ ಈಸೂದು ಕಲೀಬೇಕಾ ಸಾಹೇಬ್ರ?"

"ಕಲಿಯೂದೇನೈತಿ?" ಅಂದರು ಶಾಂತವ್ವ, ಸೀರೆ ಸರಿಮಾಡಿಕೊಳ್ಳುತ್ತ. "ನಂಗ ಈಸಾಕ ಬರತೈತಿ."

ಗಂಡ ಅವರ ಮುಖವನ್ನೇ ನೋಡಿದರು. ಮದುವೆಯಾಗಿ ನಲವತ್ತು ವರ್ಷದ ಮೇಲಾಗಿತ್ತು. "ನಂಗ ಒಂದ್ ಮಾತೂ ಹೇಳಲಿಲ್ಲಲ್ಲ!"

"ನೀವ್ ಯಾವಾಗ ಕೇಳಿದ್ರಿ?"

ಹಾವೇರಿ ಕಡೆಯ ಅವರ ತವರಿನಲ್ಲಿ ಹೊಲದ ನಡುವೆ ದೊಡ್ಡ ಮೆಟ್ಟಿಲ ಬಾವಿ ಇತ್ತಂತೆ. ಸೊಂಟಕ್ಕೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು ಅಕ್ಕ ತಂಗಿಯರೆಲ್ಲ ಅದರಲ್ಲೇ ಕಲಿತವರು. ಮದುವೆಯಾದ ಮೇಲೆ ಬಕೆಟ್ಟಿನ ನೀರು ಬಿಟ್ಟರೆ ಬೇರೆ ನೀರು ಕಂಡಿದ್ದೇ ಇಲ್ಲ. ಶಂಭುಲಿಂಗಪ್ಪನವರದು ಗದಗದ ಆಚೆಯ ಬಯಲುಸೀಮೆ. ಅಲ್ಲಿ ನೀರು ಅಂದರೆ ಕೊಡದಲ್ಲಿ ಬರುವಂಥದ್ದು. ಕೂಡಲಸಂಗಮಕ್ಕೆ ಹೋದಾಗಲೂ ಈ ಮಹಾನುಭಾವರು ಹೊಳೆಗೆ ಇಳಿಯದೆ ಮೇಲಿನ ಮೆಟ್ಟಿಲ ಮೇಲೆ ಕೂತು ಚೊಂಬಿನಲ್ಲಿ ನೀರು ಹುಯ್ದುಕೊಂಡು ಬಂದವರು.

ಡಾಕ್ಟರೇ ಹೇಳಿದ ಮೇಲೆ ಬೇಡ ಅನ್ನುವಂತಿರಲಿಲ್ಲ. ವಿಜಯನಗರದ ಕಡೆ ಆಕಾಶಕ್ಕೆ ತೆರೆದುಕೊಂಡ ಒಂದು ಈಜುಕೊಳವಿದೆ. ಅಲ್ಲಿನ ಬೇಸಿಗೆ ಶಿಬಿರದಲ್ಲಿ ವಾರದ ದಿನ ಬೆಳಿಗ್ಗೆ ಹೆಂಗಸರಿಗೇ ಬೇರೆ ಬ್ಯಾಚು, ಭಾನುವಾರ ಎಲ್ಲರಿಗೂ. ಅನಘಾ ತೋಳು, ಕಾಲು ಮುಚ್ಚುವ ಈಜುಡುಗೆ ತಂದುಕೊಟ್ಟಳು. ಜೊತೆಗೆ ಹೋಗಲು ಒಬ್ಬರು ಬೇಕಲ್ಲ, ರಜೆಯಲ್ಲಿ ಬಿಟ್ಟಿ ಸಿಕ್ಕವಳು ನಾನು. "ಲಕ್ಷ್ಮವ್ವಾ, ಮುಂಜಾನೆ ಜಲ್ದಿ ಏಳವ್ವಾ" ಅಂದರು ಶಾಂತವ್ವ. ನನ್ನ ಹೆಸರು ಪುಟ್ಟಲಕ್ಷ್ಮಿ. ಓನರ್ ಬಾಯಲ್ಲಿ ಹೆಸರು ಏನೇ ಆಗಲಿ, ಬಾಡಿಗೆದಾರಳು ಏಳಲೇಬೇಕು.

ಮೊದಲ ದಿನವೇ ತಕರಾರು. ಅಲ್ಲಿನ ಕೋಚ್ ಮೇಧಾ, ಕೊರಳಲ್ಲಿ ಸೀಟಿ ನೇತಾಡಿಸಿಕೊಂಡ ಖಡಕ್ ಹುಡುಗಿ. "ಆಂಟಿ, ಕತ್ತಲ್ಲಿ ಏನೂ ಇರೋ ಹಾಗಿಲ್ಲ. ಚೈನು, ದಾರ ಏನೂ. ಲೇನ್ ಹಗ್ಗಕ್ಕೆ ಸಿಕ್ಕಾಕೊಂಡ್ರೆ ಕಷ್ಟ" ಅಂದಳು.

ಶಾಂತವ್ವ ತಾಳಿ ಸರ ಬಿಚ್ಚಿ ನನ್ನ ಕೈಗಿಟ್ಟರು. ನಾನೇ ಗಾಬರಿಯಾದೆ. ಕೊರಳಲ್ಲಿದ್ದ ಇಷ್ಟಲಿಂಗದ ಬೆಳ್ಳಿ ಕರಡಿಗೆಗೆ ಮಾತ್ರ ಕೈ ಹಚ್ಚಲಿಲ್ಲ.

"ಇದನ್ನ ತಗ್ಯಾಂಗಿಲ್ಲವ್ವಾ."

"ಆಂಟಿ, ತಾಳೀನೇ ತೆಗ್ದ್ರಲ್ಲ..."

"ತಾಳಿ ಕಟ್ಟಿದವ್ರು ಮನ್ಯಾಗ ಅದಾರ, ಎಲ್ಲಿ ಹೋಗ್ತಾರ? ಲಿಂಗ ಬಿಟ್ಟು ಮಾತ್ರ ನಾ ಒಂದ್ ಗುಟುಕು ನೀರೂ ಕುಡ್ಯಾಂಗಿಲ್ಲ, ನೀರಾಗ ಇಳಿಯೂದು ದೂರ ಉಳೀತು."

ಅವತ್ತು ಒಣಗಿದ ಬಟ್ಟೆಯಲ್ಲೇ ವಾಪಸು ಬಂದೆವು. ಶಂಭುಲಿಂಗಪ್ಪನವರ ಮುಖದಲ್ಲಿ ಮುಚ್ಚಿಡಲಾಗದ ಸಂತೋಷ. "ಲಿಂಗ ತಗದು ನೀರಿಗಿಳೀಬಾರದು. ಮುಗೀತು ಮಾತು" ಅಂದರು. ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗಲೇ ನನ್ನ ತಲೆ ಓಡುವುದು. ಸಂಜೆ ಅವರ ಪೂಜೆ ಮುಗಿಯುವುದನ್ನು ಕಾದು ಕೆಳಗಿಳಿದು ಹೋದೆ. ಶಾಸ್ತ್ರದ ಮಾತು ಎತ್ತಿದರೆ ಅವರಿಗೆ ಊಟವೂ ಬೇಡ ಅನ್ನುವುದು ಬೀದಿಗೆಲ್ಲ ಗೊತ್ತು.

"ಸಾರ್, ಲಿಂಗ ಕೊರಳಲ್ಲೇ ಇರ್ಬೇಕಾ?" ಅಂತ ಮುಗ್ಧಳಂತೆ ಕೇಳಿದೆ.

"ಏ, ಹಂಗೇನಿಲ್ಲ ಟೀಚರ್! ಕೊರಳು, ಎದಿ, ಕಂಕುಳು, ಅಂಗೈ, ಎಲ್ಲಾ ನಡೀತೈತಿ. ಹೊಕ್ಕಳದ ಕೆಳಗ ಮಾತ್ರ ಆಗಂಗಿಲ್ಲ. ನೆತ್ತಿ ಮ್ಯಾಲೂ ಧರಿಸಬಹುದು. ಅದು ಉತ್ತಮಾಂಗ, ಎಲ್ಲಾದಕ್ಕಿಂತ ಶ್ರೇಷ್ಠ!"

ಒಳಗೆ ಅಡುಗೆಮನೆಯಲ್ಲಿ ಪಾತ್ರೆ ಸದ್ದು ನಿಂತಿತು. ಆಮೇಲೆ ಶಾಂತವ್ವ ನಗುವ ಸದ್ದು. ಮರುದಿನ ಲಿಂಗವನ್ನು ಶುಭ್ರ ಬಟ್ಟೆಯಲ್ಲಿ ಸುತ್ತಿ, ತುರುಬಿನೊಳಗೆ ಭದ್ರವಾಗಿ ಕಟ್ಟಿ, ಮೇಲೆ ಈಜುವವರ ರಬ್ಬರ್ ಟೋಪಿ ಎಳೆದುಕೊಂಡರು. ತಲೆಯ ಮೇಲೊಂದು ಪುಟ್ಟ ಗೋಪುರ ಎದ್ದ ಹಾಗಿತ್ತು. ಮೇಧಾ ಸುತ್ತು ಹಾಕಿ ನೋಡಿದಳು. ಕತ್ತು ಖಾಲಿ ಇತ್ತು. ಟೋಪಿ ಹಾಕಲೇಬೇಕು ಅನ್ನುವುದು ಅವಳದೇ ನಿಯಮ. ಶಂಭುಲಿಂಗಪ್ಪನವರು ತಮ್ಮ ಮಾತಿಗೆ ತಾವೇ ಸಿಕ್ಕಿಬಿದ್ದದ್ದು ಗೊತ್ತಾಗಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು.

ನೀರಿಗಿಳಿದ ಶಾಂತವ್ವನನ್ನು ನೀವು ನೋಡಬೇಕಿತ್ತು. ಮೆಟ್ಟಿಲ ಕಂಬಿ ಹಿಡಿದು ನರಳುತ್ತ ಇಳಿದವರು, ಸೊಂಟದವರೆಗೆ ನೀರು ಬಂದದ್ದೇ ತಡ, ಬೇರೆಯೇ ಹೆಂಗಸು. ಹಳ್ಳಿಯವರ ಈಜು ಗೊತ್ತಲ್ಲ, ತಲೆ ಮೇಲೆತ್ತಿಕೊಂಡು, ನೀರನ್ನು ಕೈಯಿಂದ ಎರಡೂ ಕಡೆ ಸರಿಸುತ್ತ ಹೋಗುವುದು. ಹಾಗೆ ಹೋದರು. ಮುಖದಲ್ಲಿ ನೋವು ಅನ್ನುವುದರ ಗುರುತೇ ಇರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು.

ಆದರೆ ಅವರನ್ನು ಬಿಟ್ಟದ್ದು ಆಳವಿಲ್ಲದ ಭಾಗದಲ್ಲಿ, ಚಿಳ್ಳೆಪಿಳ್ಳೆ ಮಕ್ಕಳು ನೀರೆರಚಾಡುವ ಕಡೆ. ಕಾಲು ಚಾಚಿದರೆ ನೆಲ ಸಿಗುತ್ತಿತ್ತು, ಮೊಣಕಾಲು ತಗುಲುತ್ತಿತ್ತು. "ಕಾಲಿಗೆ ನೆಲ ಸಿಕ್ರ ಅದೇನ್ ಈಸೂದವ್ವಾ?" ಅನ್ನುತ್ತಿದ್ದರು. ಆಳದ ಕಡೆ ಬಿಡಬೇಕಾದರೆ ಒಂದು ಪರೀಕ್ಷೆ: ಹಗ್ಗ ಕಟ್ಟಿದ ಲೇನಿನೊಳಗೆ, ಹಗ್ಗ ಮುಟ್ಟದೆ, ಈ ತುದಿಯಿಂದ ಆ ತುದಿಗೆ ನೆಟ್ಟಗೆ ಈಜಬೇಕು. ಬೇಸಿಗೆ ಶಿಬಿರ ಮುಗಿಯುವುದರೊಳಗೆ ಪಾಸಾದವರಿಗೆ ವರ್ಷವಿಡೀ ಬರುವ ಪಾಸು ಸಿಗುತ್ತದೆ. ಇಲ್ಲದಿದ್ದರೆ ಮುಂದಿನ ಬೇಸಿಗೆಯವರೆಗೆ ಮತ್ತೆ ಅದೇ ಪ್ಲಾಸ್ಟಿಕ್ ಕುರ್ಚಿ.

ಈಜು ಬರುವವರಿಗೆ ಅದೇನು ಮಹಾ ಅಂದುಕೊಂಡೆವು. ಭಾನುವಾರದ ಮೊದಲ ಪರೀಕ್ಷೆಯಲ್ಲಿ ಶಾಂತವ್ವ ಚೆನ್ನಾಗಿಯೇ ಹೊರಟರು. ಅರ್ಧ ದಾರಿಗೆ ಮೆಲ್ಲಗೆ ಎಡಕ್ಕೆ ಎಳೆದರು, ಹೋಗಿ ಹೋಗಿ ಹಗ್ಗಕ್ಕೆ ತೋಳು ಹಾಕಿಕೊಂಡು ನಿಂತರು.

"ಬಾವೀಲಿ ಕಲ್ತಿದ್ದಲ್ವಾ ಆಂಟಿ, ರೌಂಡ್ ಹೊಡ್ದು ಹೊಡ್ದು ಅದೇ ಅಭ್ಯಾಸ ಆಗಿದೆ" ಅಂತ ಮೇಧಾ ತೀರ್ಪು ಕೊಟ್ಟಳು. ನಾವೆಲ್ಲ ಹೌದೌದು ಅಂದೆವು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ. ವಾರವಿಡೀ ಅವಳು ದಡದಲ್ಲಿ ಉದ್ದನೆ ಕೋಲು ಹಿಡಿದು ಜೊತೆಯಲ್ಲೇ ನಡೆದಳು, "ನೆಟ್ಟಗೆ ಆಂಟಿ, ನೆಟ್ಟಗೆ" ಅಂತ ಗಂಟಲು ಹರಿದುಕೊಂಡಳು. ಶಾಂತವ್ವ ಹಗ್ಗವನ್ನು ಬಿಡಲೇ ಇಲ್ಲ.

ಬೆಂಚಿನ ಮೇಲೆ ತಾಳಿ ಸರ ಕಾಯುತ್ತ ಕೂತಿದ್ದ ನನಗೆ ಒಂದು ವಿಷಯ ತಲೆಗೆ ಹತ್ತಿತು. ಬಾವಿಯ ಅಭ್ಯಾಸವಾಗಿದ್ದರೆ ಯಾವಾಗಲೂ ಒಂದೇ ಕಡೆಗೆ ತಿರುಗಬೇಕು. ಇವರು ಹೋಗುವಾಗ ಎಡಕ್ಕೆ ಎಳೆಯುತ್ತಾರೆ, ಬರುವಾಗ ಬಲಕ್ಕೆ. ಅಂದರೆ ಎರಡು ಸಲವೂ ಒಂದೇ ದಡದ ಕಡೆಗೆ. ಆ ದಡದಲ್ಲಿ ಇರುವುದು ಗೇಟು. ಗೇಟಿಗೆ ತಗಡು ಹೊಡೆದಿದ್ದಾರೆ, ಆದರೆ ತಗಡಿಗೂ ಕಂಬಕ್ಕೂ ನಡುವೆ ಗೇಣಗಲದ ಸಂದು. ಆ ಸಂದಿನಲ್ಲಿ ಏನೋ ಹಳದಿಯಾಗಿ ಕಂಡಿತು.

ಎದ್ದು ಹೊರಗೆ ಹೋದೆ. ಟೀ ಅಂಗಡಿಯ ಪಕ್ಕ, ಗೇಟಿಗೆ ಬೆನ್ನು ಹಾಕಿಕೊಂಡು, ಸೈಕಲ್ಲಿನ ಹ್ಯಾಂಡಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತಿದ್ದರು ಶಂಭುಲಿಂಗಪ್ಪನವರು. ಕೆಂಗೇರಿ ಇನ್ನೂ ಎಲ್ಲೋ ಇತ್ತು.

"ಸಾರ್! ಕೆಂಗೇರಿಗೆ ಹೋಗ್ಲಿಲ್ವಾ?"

"ಹೊಂಟಿದ್ದೆ... ಪಂಚರ್ ಆತು."

ಚಕ್ರ ಎರಡೂ ಕಲ್ಲಿನಂತೆ ಗಟ್ಟಿಯಾಗಿದ್ದವು. "ದಿನಾ ಪಂಚರ್ರಾ ಸಾರ್?"

ಅವರು ತಲೆ ತಗ್ಗಿಸಿದರು. "ಆಕಿಗೆ ಹೇಳಬ್ಯಾಡ್ರಿ ಟೀಚರ್. ಆಕಿ ನೀರಾಗ ಇಳದ್ಲು ಅಂದ್ರ ನನಗ ಇಲ್ಲೇ ಉಸಿರು ಹಿಡೀತೈತಿ. ನೋಡಾಕ ಧೈರ್ಯ ಇಲ್ಲ, ಮನ್ಯಾಗ ಕುಂದ್ರಾಕೂ ಆಗಂಗಿಲ್ಲ."

ಹೆಂಡತಿ ನೀರಿಗಿಳಿದಾಗಿನಿಂದ ಕೆಂಗೇರಿ ಮುಟ್ಟಿ ಬಂದ ಕಥೆಯೆಲ್ಲ ಈ ಟೀ ಅಂಗಡಿಯದು! ನಗು ಬಂತು, ಅವರು ಹ್ಯಾಂಡಲ್ ಹಿಡಿದ ಬಿಗಿ ನೋಡಿ ನಗಲಾಗಲಿಲ್ಲ. "ಸಾರ್, ಗೇಟ್ ಸಂದೀಲಿ ಈ ಹಳದಿ ಕಾಣತ್ತೆ, ಏನೂಂತ ಗೊತ್ತಿಲ್ದೇನೇ ಆಂಟಿ ಗಮನ ಆ ಕಡೆ ಹೋಗಿ ಹಗ್ಗಕ್ಕೆ ಬೀಳ್ತಾ ಇದಾರೆ. ನೀವು ಇಲ್ಲಿ ನಿಲ್ಲೋದ್ ಬಿಟ್ರೆ ಪಾಸಾಗ್ಬಹುದು" ಅಂದೆ. ಬುದ್ಧಿವಂತಳ ಹಾಗೆ ಹೇಳಿದೆ. ಅವರು ಒಪ್ಪಿದರು.

ಎರಡನೆಯ ಭಾನುವಾರ ಅವರು ನಿಜವಾಗಿಯೂ ಬರಲಿಲ್ಲ. ಶಾಂತವ್ವ ಹೊರಟರು, ಕಾಲು ಭಾಗ ಹೋದರು, ನೀರಿನ ನಡುವೆ ನಿಂತಲ್ಲೇ ಕೈ ಬಡಿಯುತ್ತ ಕತ್ತು ಎತ್ತಿ ಎತ್ತಿ ನೋಡತೊಡಗಿದರು. ಆಮೇಲೆ ಸೀದಾ ಗೇಟಿನ ಕಡೆಯ ದಡಕ್ಕೆ ಹೋಗಿ ಹತ್ತಿಬಿಟ್ಟರು. ಮೇಧಾ ಹಣೆ ಚಚ್ಚಿಕೊಂಡಳು. ನಾನು ಟವೆಲ್ ಹಿಡಿದು ಓಡಿದೆ.

"ಅವ್ರ ಸೈಕಲ್ ಎಲ್ಲಿ?" ಅಂತ ಏದುಸಿರು ಬಿಡುತ್ತ ಕೇಳಿದರು.

ನಾನು ಟವೆಲ್ ಅವರ ಹೆಗಲಿಗೆ ಹಾಕಿದೆ. "ನಿಮ್ಗೆ ಗೊತ್ತಿತ್ತಾ?"

"ಮೊದಲನೇ ದಿನಾನೇ ಗೊತ್ತಾತು. ಕೆಂಗೇರಿ ಮುಟ್ಟಿ ಬಂದವ್ರ ಅಂಗಿ ಮ್ಯಾಲ ಬೆವರು ಬ್ಯಾಡೇನು? ಆ ಹಳದಿ ಬಟ್ಟಿ ಕಂಡ್ರ, ಮುದುಕ ಅಲ್ಲೇ ನಿಂತಾನ, ಲಾರಿ ಬಸ್ಸಿನ ನಡುವ ಹೋಗಿಲ್ಲ ಅಂತ ನನ್ನ ಜೀವಕ್ಕ ಸಮಾಧಾನ. ಇವತ್ತ ಕಾಣಲಿಲ್ಲ. ಇನ್ನ ಈಸೂದೆಲ್ಲಿ?" ಟವೆಲ್ಲಿನಿಂದ ಮುಖ ಒರೆಸಿಕೊಂಡರು. ನೀರೋ ಕಣ್ಣೀರೋ ನಾನು ವಿಚಾರಿಸಲಿಲ್ಲ. "ನಂಗ ಗೊತ್ತೈತಿ ಅಂತ ಮಾತ್ರ ಅವ್ರಿಗೆ ಹೇಳಬ್ಯಾಡವ್ವಾ. ಕೆಂಗೇರಿ ಅಂತ ಹೇಳ್ಕೊಳ್ಳಲಿ, ಅದೊಂದು ಖುಷಿ ಅವ್ರಿಗೆ."

ಎಂಥ ಜೋಡಿ ನೋಡಿ. ಇವರಿಗೆ ಅವರು ರಸ್ತೆಯಲ್ಲಿ ಬೀಳುತ್ತಾರೆಂಬ ಭಯ, ಅವರಿಗೆ ಇವರು ನೀರಲ್ಲಿ ಮುಳುಗುತ್ತಾರೆಂಬ ಭಯ. ಇಬ್ಬರೂ ನನಗೊಬ್ಬಳಿಗೇ ಹೇಳಿ, ಬಾಯಿಗೆ ಬೀಗ ಹಾಕಿದರು. ಗಂಡ ಹೆಂಡಿರ ಜಗಳದ ನಡುವೆ ಕೂಸು ಬಡವಾಯಿತು ಅನ್ನುತ್ತಾರೆ. ನನ್ನಂಥ ನಲವತ್ತೈದರ ಕೂಸೂ ಬಡವಾಗುತ್ತದೆ ಅಂತ ಆಗ ಗೊತ್ತಾಯಿತು.

ಉಳಿದದ್ದು ಶಿಬಿರದ ಕೊನೆಯ ಭಾನುವಾರ ಒಂದೇ. ಆ ವಾರ ಶಾಂತವ್ವನ ಮೊಣಕಾಲು ಎಷ್ಟೋ ಸಡಿಲವಾಗಿತ್ತು. ಸಂಡಿಗೆ ಹಾಸು ತೆಗೆದುಕೊಂಡು ನಾಲ್ಕು ಮೆಟ್ಟಿಲು ಹತ್ತಿದ್ದನ್ನು ನಾನೇ ಮೇಲಿನಿಂದ ನೋಡಿ ಬೈದೆ. ಈಗ ನಿಲ್ಲಿಸಿದರೆ ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಶನಿವಾರ ಸಂಜೆ ಶಂಭುಲಿಂಗಪ್ಪನವರನ್ನು ಕಾಂಪೌಂಡಿನಲ್ಲೇ ಹಿಡಿದೆ.

"ಸಾರ್, ನಾನ್ ಹೇಳಿದ್ದು ತಪ್ಪಾಯ್ತು. ನೀವು ಗೇಟ್ ಹೊರಗೆ ನಿಂತ್ರೂ ಆಗಲ್ಲ, ಬರದೇ ಇದ್ರೂ ಆಗಲ್ಲ. ನಾಳೆ ಒಳಗೆ ಬಂದು ಆ ತುದೀಲಿ ನಿಂತ್ಕೋಬೇಕು. ಆಂಟಿಗೆ ಒಂದು ಗುರುತು ಬೇಕು."

"ನೀವ್ ನಿಲ್ರಿ."

"ನಾನು ನಿಂತ್ರೆ ನನ್ನ ಯಾರ್ ನೋಡ್ತಾರೆ ಸಾರ್?"

"ಆಳದ ಕಡೆನಾ?" ಅವರ ಮುಖದ ವಿಭೂತಿಯೂ ಬಿಳಿಚಿಕೊಂಡ ಹಾಗೆ ಕಂಡಿತು. "ನಂಗ ಹೆದರಿಕಿ ಆಗ್ತೈತಿ ಟೀಚರ್. ಖರೇನ ಹೇಳ್ತೀನಿ."

"ನಾಳೆ ಆಗ್ಲಿಲ್ಲ ಅಂದ್ರೆ ಆಂಟಿ ಮತ್ತೆ ಆ ಕುರ್ಚಿಗೇ ಬರ್ತಾರೆ ಸಾರ್."

ಅವರು ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯನ್ನು ನೋಡಿದರು. ಅದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ಒಳಗೆ ಹೋದರು.

ಭಾನುವಾರ ಬೆಳಿಗ್ಗೆ ಅನಘಾ ಕೂಡ ತನ್ನ ಓಟ ಬಿಟ್ಟು ನಮ್ಮ ಜೊತೆ ಬಂದಳು. ಬಿಸಿಲು ಆಗಷ್ಟೇ ನೀರಿಗೆ ಬಿದ್ದಿತ್ತು. ಶಾಂತವ್ವ ಲಿಂಗವನ್ನು ಕಣ್ಣಿಗೊತ್ತಿಕೊಂಡು ತುರುಬಿಗೆ ಕಟ್ಟಿದರು, ಟೋಪಿ ಎಳೆದರು, ತಾಳಿ ಸರ ನನ್ನ ಕೈಗಿಟ್ಟು ನೀರಿಗಿಳಿದರು. ಅವರ ಕಣ್ಣು ಗೇಟಿನ ಸಂದಿನ ಕಡೆಗೇ ಇತ್ತು. ಸಂದು ಖಾಲಿ.

ಮೇಧಾ ಸೀಟಿ ಬಾಯಿಗಿಟ್ಟಳು. ಅಷ್ಟರಲ್ಲಿ ಗೇಟು ತೆರೆಯಿತು. ಸೈಕಲ್ಲನ್ನು ತಳ್ಳಿಕೊಂಡು ಒಳಗೇ ಬಂದುಬಿಟ್ಟರು ಶಂಭುಲಿಂಗಪ್ಪನವರು. ವಾಚ್‌ಮನ್ ವೆಂಕಟಸ್ವಾಮಿ, "ಯಜಮಾನ್ರೇ, ಸೈಕಲ್ ಒಳಗೆ ಬಿಡಲ್ಲ! ಯಜಮಾನ್ರೇ!" ಅಂತ ಹಿಂದೆಯೇ ಓಡಿಬಂದ. ಇವರು ಸೈಕಲ್ಲನ್ನು ಅವನ ಕೈಗೇ ಕೊಟ್ಟು, ಚಪ್ಪಲಿ ಬಿಟ್ಟು, ಗೋಡೆಗೆ ಅಂಟಿಕೊಂಡೇ ಒಂದೊಂದೇ ಹೆಜ್ಜೆಯಿಟ್ಟು ಆಳದ ತುದಿಗೆ ಹೋದರು. ಶಾಂತವ್ವನ ಲೇನಿನ ನೇರಕ್ಕೆ ಬಂದು ಅಲ್ಲಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ನಿಂತರು.

"ಅಪ್ಪಾಜಿ, ಕಣ್ ಬಿಡ್ರಿ" ಅಂತ ಅನಘಾ ಕೂಗಿದಳು.

"ಬಿಡಂಗಿಲ್ಲ!" ಅಂದರು.

ಸೀಟಿ ಕೂಗಿತು. ಶಾಂತವ್ವ ಹೊರಟರು. ತಲೆ ನೀರಿನ ಮೇಲೆ, ಪುಟ್ಟ ಗೋಪುರದ ಟೋಪಿ ತಲೆಯ ಮೇಲೆ, ಕೈ ಎರಡೂ ಕಡೆ ನೀರು ಸರಿಸುತ್ತ. ಅರ್ಧ ದಾರಿ ಬಂತು, ಎಡಕ್ಕೆ ಎಳೆಯುವ ಜಾಗ ಬಂತು. ಎಳೆಯಲಿಲ್ಲ. ಕಣ್ಣು ಎದುರಿನ ಪಂಚೆಯ ಮೇಲೆ ನೆಟ್ಟಿತ್ತು. ಯಾವಾಗ ಎದ್ದೆನೋ ಗೊತ್ತಿಲ್ಲ, ಕೈಯಲ್ಲಿ ತಾಳಿ ಸರ ಹಿಡಿದುಕೊಂಡು ನಾನು ದಡದಗುಂಟ ಓಡುತ್ತಿದ್ದೆ. ಬಸ್ಸಿಲ್ಲದೆ ನಾನು ಓಡಿದ್ದು ಅದೇ ಮೊದಲು. ಮೇಧಾ ಕೋಲು ಬಿಟ್ಟು, "ಸೂಪರ್ ಆಂಟಿ, ಹಂಗೇ ಬನ್ನಿ" ಅಂತ ಕುಣಿಯುತ್ತಿದ್ದಳು.

ಹಗ್ಗ ಎರಡೂ ಕಡೆ ಅಲುಗಲಿಲ್ಲ. ಶಾಂತವ್ವನ ಕೈ ಕಂಬಿಯ ಕೆಳಗಿನ ಕಲ್ಲನ್ನು ಮುಟ್ಟಿತು, ಗಂಡನ ಪಾದದಿಂದ ಒಂದು ಗೇಣು ದೂರದಲ್ಲಿ. ಅವರು ಇನ್ನೂ ಕಣ್ಣು ಮುಚ್ಚಿಕೊಂಡೇ ಇದ್ದರು. ಶಾಂತವ್ವ ಉಸಿರು ತೆಗೆದುಕೊಂಡು, ಇಡೀ ಕೊಳಕ್ಕೆ ಕೇಳುವ ಹಾಗೆ ಹೇಳಿದರು:

"ಕೆಂಗೇರಿ ಮುಟ್ಟಿ ಬಂದೆ ನೋಡ್ರಿ!"

ಶಂಭುಲಿಂಗಪ್ಪನವರು ಕಣ್ಣು ಬಿಟ್ಟರು. ಮೊದಲು ಹೆಂಡತಿಯನ್ನು ನೋಡಿದರು, ಆಮೇಲೆ ನನ್ನನ್ನು. ನಾನು ಬೇರೆ ಕಡೆ ನೋಡಿದೆ. ಅವರ ಕಿವಿ ಕೆಂಪಾಯಿತು, ಕೊನೆಗೆ ಕ್ಲಿನಿಕ್ಕಿನಲ್ಲಿ ನಕ್ಕ ಹಾಗೆ ಗಹಗಹಿಸಿ ನಕ್ಕರು. ನಗುತ್ತ ನಗುತ್ತಲೇ ಕಣ್ಣೊರೆಸಿಕೊಂಡರು. ಕಂಬಿ ಬಿಟ್ಟು, ಪಂಚೆ ಮೇಲೆತ್ತಿ, ದಡದಲ್ಲಿ ಮೆಲ್ಲಗೆ ಕೂತರು. ಒಂದು ಕಾಲು ಇಳಿಬಿಟ್ಟರು, ಆಮೇಲೆ ಇನ್ನೊಂದು. ಕೂಡಲಸಂಗಮದಲ್ಲೂ ಇಳಿಯದ ಪಾದಗಳು ಕಣಕಾಲಿನವರೆಗೆ ನೀರಿನಲ್ಲಿ ಇಳಿದವು.

"ತಣ್ಣಗ ಐತಲ್ಲ" ಅಂದರು.

"ಅದನ್ನೇ ಹೇಳಬೇಕಂತಿದ್ದೆ" ಅಂದರು ಶಾಂತವ್ವ, ಅವರ ಕಾಲು ಹಿಡಿದುಕೊಂಡು ನೀರಿನಲ್ಲಿ ತೇಲುತ್ತ. "ನೀವ್ ಕೇಳಲಿಲ್ಲ."